ಹಳೆ ಕಾಂಗಾ ಜೋಡಿ ಮನೆಗೆ ಬಂತು, ಮುಂದೇನು?

ಗಣಪತಿ ಹಬ್ಬ ಹತ್ತಿರ ಬಂದ ಹಾಗೆ ಕಾಂಗಾ, ಅಂದರೆ ಕೈಯಲ್ಲಿ ಬಾರಿಸುವ ಎತ್ತರದ ಡೋಲಿನ ಬಗ್ಗೆ, ನನಗೆ ಒಂದೇ ಥರದ ಪ್ರಶ್ನೆಗಳು ಬರೋಕೆ ಶುರುವಾಗುತ್ತವೆ. "ಹಳೆ ಆರ್ಕೆಸ್ಟ್ರಾದವರ ಹತ್ತಿರ ಕಾಂಗಾ ಜೋಡಿ ಸಿಕ್ಕಿದೆ, ಚರ್ಮ ಜೋಲು ಬಿದ್ದಿದೆ, ಏನು ಮಾಡ್ಲಿ?" "ಸಕಲೇಶಪುರದ ಹತ್ತಿರ ತೋಟದ ಮನೆ ಅಟ್ಟದಲ್ಲಿತ್ತು ಸಾರ್, ಬಿಚ್ಚಿಬಿಟ್ಟೆ, ಈಗ ಜೋಡಿಸೋಕೆ ಬರ್ತಿಲ್ಲ." "ಹೊಡೆದರೆ ಎಣ್ಣೆ ಡಬ್ಬ ಬಡಿದ ಹಾಗೆ ಕೇಳುತ್ತೆ." ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ನಾನಿರೋದು ಹಾಸನದಲ್ಲಿ. ಇಲ್ಲಿನ ಮಳೆ, ಇಲ್ಲಿನ ಬಿಸಿಲಿನ ಲೆಕ್ಕದಲ್ಲೇ ಹೇಳುತ್ತೇನೆ. ಚಿಕ್ಕಮಗಳೂರು, ಮೂಡಿಗೆರೆ ಕಡೆಯವರು ಮಳೆಯ ಮಾತು ಬಂದಲ್ಲೆಲ್ಲ ಇನ್ನಷ್ಟು ಸೇರಿಸಿಕೊಳ್ಳಿ.

ಮೊದಲು ಹೆಸರು. ನಮ್ಮ ಆರ್ಕೆಸ್ಟ್ರಾದವರು ಇದನ್ನು 'ತುಂಬಾ' ಅಂತಾರೆ. "ಅವನು ತುಂಬಾ ನುಡಿಸ್ತಾನೆ" ಅಂದರೆ ಜಾಸ್ತಿ ನುಡಿಸ್ತಾನೆ ಅಂತಲ್ಲ! ವಾದ್ಯದ ತವರು ಕ್ಯೂಬಾ. ಅಲ್ಲಿ ಇದನ್ನು ತುಂಬಾದೋರಾ ಅನ್ನುತ್ತಾರೆ. ಬೇರು ಇನ್ನೂ ಹಿಂದಕ್ಕೆ, ಆಫ್ರಿಕಾದ ಕಾಂಗೋ ಸೀಮೆಯಿಂದ ಗುಲಾಮರಾಗಿ ಬಂದವರ ಡೋಲುಗಳಿಗೆ ಹೋಗುತ್ತದೆ. ಪೂರ್ತಿ ಸೆಟ್ ಅಂದರೆ ಮೂರು. ಚಿಕ್ಕದು ಕ್ವಿಂಟೊ, ಬಾಯಿ ಸುಮಾರು 11 ಇಂಚು. ನಡುವಿನದಕ್ಕೂ ಕಾಂಗಾ ಅಂತಲೇ ಹೆಸರು, ಸುಮಾರು 11¾ ಇಂಚು. ದೊಡ್ಡದು ತುಂಬಾ, ಸುಮಾರು 12½ ಇಂಚು. ಒಬ್ಬೊಬ್ಬ ತಯಾರಕರದ್ದು ಅರ್ಧ ಇಂಚು ಆಚೀಚೆ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಕೊನೆಯ ಎರಡರ ಜೋಡಿ. ಶುರು ಮಾಡೋಕೆ ಅಷ್ಟು ಸಾಕು.

ಭಾಗಗಳಿಗೆ ಈ ಲೇಖನದಲ್ಲಿ ನಾನು ಬಳಸುವ ಹೆಸರು ಇವು. ಮರದ ಅಥವಾ ಫೈಬರಿನ ಉದ್ದ ದೇಹಕ್ಕೆ ಒಡಲು. ಚರ್ಮವನ್ನು ಸುತ್ತಿ ಹಿಡಿಯುವ ತೆಳು ಉಂಗುರಕ್ಕೆ ಒಳಬಳೆ. ಅದರ ಮೇಲೆ ಕೂತು ಒತ್ತುವ ದಪ್ಪ ಕಬ್ಬಿಣದ ಉಂಗುರಕ್ಕೆ ಮೇಲ್ಬಳೆ. ಮೇಲ್ಬಳೆಯನ್ನು ಕೆಳಕ್ಕೆ ಎಳೆಯುವ, ತಲೆ ಬಾಗಿದ ಬೋಲ್ಟಿಗೆ ಕೊಕ್ಕೆ. ಆ ಕೊಕ್ಕೆ ತೂರಿಕೊಂಡು ಹೋಗುವ, ಒಡಲಿಗೆ ಬಿಗಿದ ತೂತಿನ ಪಟ್ಟಿಗೆ ಕಿವಿ.

ಏನೇನು ಬೇಕು

ಸರಿ ಅಳತೆಯ ಸ್ಪ್ಯಾನರ್, ಟೇಪು, ಟಾರ್ಚು, ಸೀಮೆಸುಣ್ಣ, ಸೀಮೆಎಣ್ಣೆ, ಹೊಲಿಗೆ ಮಿಷನ್ನಿನ ಎಣ್ಣೆ, ತಂತಿ ಬ್ರಷ್, ಹಳೆ ಹಲ್ಲುಜ್ಜುವ ಬ್ರಷ್, ನಯವಾದ ಸ್ಯಾಂಡ್ ಪೇಪರ್, ಮರಕ್ಕೆ ಹಾಕುವ ಫೆವಿಕಾಲ್, ಲಗೇಜ್ ಬಿಗಿಯುವ ರ‍್ಯಾಚೆಟ್ ಬೆಲ್ಟ್, ಸ್ವಲ್ಪ ಗ್ರೀಸ್, ಒಂದು ಮೇಣದ ಬತ್ತಿ. ಹೊಸ ಚರ್ಮ ಹಾಕುವುದಾದರೆ ಮಗುವಿಗೆ ಸ್ನಾನ ಮಾಡಿಸುವಂಥ ಅಗಲದ ಟಬ್.

ಸ್ಪ್ಯಾನರ್ ವಿಚಾರದಲ್ಲಿ ಒಂದು ಮಾತು. ಹಳೆಯ ವಿದೇಶಿ ಕಾಂಗಾಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಕೊಂಚ ಆಡುತ್ತದೆ. ತುಕ್ಕು ಹಿಡಿದ ನಟ್ಟನ್ನು ಅದರಲ್ಲಿ ತಿರುಗಿಸಿದರೆ ಮೂಲೆ ಸವೆದು ಗೋಲಿಯಾಗುತ್ತದೆ. ಅಂಗಡಿಗೆ ಸಡಿಲವಿರುವ ಒಂದು ನಟ್ ತೆಗೆದುಕೊಂಡು ಹೋಗಿ, ಹಾಕಿ ನೋಡಿಯೇ ಕೊಳ್ಳಿ. ಕಟಿಂಗ್ ಪ್ಲೇಯರ್ ಮುಟ್ಟಲೇಬೇಡಿ.

1. ಬಿಚ್ಚುವ ಮೊದಲು ನೋಡಿ

ಎಲ್ಲರೂ ತಪ್ಪುವುದು ಇಲ್ಲೇ. ವಾದ್ಯ ಬಂದ ಸಂಜೆಯೇ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಬೇಡ. ಒಂದು ದಿನ ಸುಮ್ನೆ ನೋಡಿ.

ರಾತ್ರಿ ಕೋಣೆಯ ದೀಪ ಆರಿಸಿ, ಉರಿಯುವ ಟಾರ್ಚನ್ನು ನೆಲದಲ್ಲಿಟ್ಟು ಅದರ ಮೇಲೆ ಕಾಂಗಾ ನಿಲ್ಲಿಸಿ. ಹಳೆಯ ಮರದ ಒಡಲು ಒಂದೇ ದಿಮ್ಮಿಯಲ್ಲ. ಪೀಪಾಯಿಯ ಹಾಗೆ ಉದ್ದುದ್ದ ಹಲಗೆಗಳನ್ನು ಬಾಗಿಸಿ ಅಂಟಿಸಿದ್ದು. ಅಂಟು ಬಿಟ್ಟ ಕಡೆ ಕೂದಲೆಳೆಯಂಥ ಬೆಳಕು ಹೊರಗೆ ಬರುತ್ತದೆ. ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ.

ಬೆಳಿಗ್ಗೆ ಎತ್ತಿ ನೋಡಿ. ನೆಲದಲ್ಲಿ ಗೋಧಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮರಕ್ಕೆ ಹುಳು ಇದೆ. ಕಾಫಿ ಗಿಡದ ಕಾಂಡಕೊರಕ ಗೊತ್ತಿದ್ದವರಿಗೆ ಇದರ ಸ್ವಭಾವ ವಿವರಿಸಬೇಕಿಲ್ಲ. ಹುಳು ಹಿಡಿದದ್ದನ್ನು ಮನೆಯ ಬೇರೆ ಮರದ ಸಾಮಾನಿನ ಜೊತೆ ಇಡಬೇಡಿ. ಬಡಗಿಗೆ ತೋರಿಸಿ ಔಷಧಿ ಹಾಕಿಸಿದ ಮೇಲೇ ಮುಂದಿನ ಕೆಲಸ.

ಬಾಯಿಯನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಇಂಚು ವ್ಯತ್ಯಾಸ ಇದ್ದರೆ ಒಡಲು ಸೊಟ್ಟಗಾಗಿದೆ, ಅದು ನಿಮ್ಮ ನನ್ನ ಕೈಯ ಕೆಲಸವಲ್ಲ.

ಎಷ್ಟು ಹಳೆಯದು ಅಂತ ಕೇಳುವವರು ಬಹಳ. ಅದಕ್ಕೆ ತಯಾರಕರ ಹೆಸರಿರುವ ಲೋಹದ ಬಿಲ್ಲೆ ಹುಡುಕಿ. ಗಾನ್ ಬಾಪ್ಸ್ ಕಂಪನಿ ಶುರುವಾದದ್ದು 1954ರಲ್ಲಿ, ಮಾರ್ಟಿನ್ ಕೊಹೆನ್ ಅವರ ಲ್ಯಾಟಿನ್ ಪರ್ಕಷನ್ 1964ರಲ್ಲಿ. ಎರಡೂ ಅಮೆರಿಕದವು. ಬಿಲ್ಲೆಯೇ ಇಲ್ಲದೆ, ಮಾವಿನದ್ದೋ ಶೀಶಮ್‌ದೋ ಮರ ಇದ್ದರೆ ನಮ್ಮ ದೇಶದ್ದೇ ಇರಬಹುದು. ಅದರಿಂದ ಬೇಸರ ಬೇಡ. ಚೆನ್ನಾಗಿ ಕಟ್ಟಿದ ಮಾವಿನ ಮರದ ಕಾಂಗಾ ಸೊಗಸಾಗಿಯೇ ನುಡಿಯುತ್ತದೆ.

ಕೊಕ್ಕೆಗಳೇ ಇಲ್ಲ, ಚರ್ಮವನ್ನು ಮೊಳೆ ಹೊಡೆದು ಕೂರಿಸಿದ್ದಾರೆ ಅಂದರೆ ಅದು ಹಳೆಯ ಪದ್ಧತಿ. ನಮ್ಮ ತಮಟೆಯವರು ಹುಲ್ಲಿನ ಉರಿಗೆ ಹಿಡಿದು ಕಾಯಿಸುತ್ತಾರಲ್ಲ, ಕ್ಯೂಬಾದಲ್ಲೂ ಬೆಂಕಿಗೆ ಹಿಡಿದೇ ಶ್ರುತಿ ಏರಿಸುತ್ತಿದ್ದರು. ಆಮೇಲೆ ಲೋಹದ ಕೊಕ್ಕೆ ಬಂತು. ಆ ಬದಲಾವಣೆಗೆ ಕಾರಣರಾದವರಲ್ಲಿ ಹವಾನಾದ ಕಾಂಗಾ ವಾದಕ ಕಾರ್ಲೋಸ್ 'ಪಟಾಟೊ' ವಾಲ್ಡೆಸ್ ಹೆಸರು ಮುಖ್ಯವಾಗಿ ಬರುತ್ತದೆ. ಮೊಳೆಯ ಕಾಂಗಾ ನಿಮ್ಮಲ್ಲಿದ್ದರೆ ಮೊಳೆ ಕೀಳಬೇಡಿ. ಹಾಗೇ ಇಟ್ಟುಕೊಳ್ಳಿ. ಈ ಲೇಖನ ಕೊಕ್ಕೆಯವಕ್ಕೆ ಮಾತ್ರ.

2. ಬಿಚ್ಚುವುದು

ಎಲ್ಲ ಕೋನದಿಂದಲೂ ಫೋಟೋ ತೆಗೆಯಿರಿ. ಪ್ರತಿ ಕಿವಿಗೂ ಅದರ ಕೊಕ್ಕೆಗೂ ಒಂದೇ ಸಂಖ್ಯೆ ಬರೆಯಿರಿ. ಹಳೆಯ ಕೊಕ್ಕೆಗಳು ಒಂದೊಂದು ಒಂದೊಂದು ಥರ ಬಾಗಿರುತ್ತವೆ, ತಮ್ಮ ಜಾಗಕ್ಕೆ ಮಾತ್ರ ಒಗ್ಗುತ್ತವೆ. ಎರಡು ಕಾಂಗಾಗಳ ಕೊಕ್ಕೆಗಳನ್ನು ಒಂದೇ ಬಕೆಟ್ಟಿಗೆ ಹಾಕಿ ನಾನೊಮ್ಮೆ ಇಡೀ ಭಾನುವಾರ ಕಳೆದುಕೊಂಡಿದ್ದೇನೆ.

ನಟ್ಟಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಮತ್ತು ಮಿಷನ್ ಎಣ್ಣೆ ಬೆರೆಸಿ ಎರಡು ಹನಿ ಬಿಡಿ. ಮರಕ್ಕೆ ಸೋರದ ಹಾಗೆ ಕೆಳಗೆ ಬಟ್ಟೆ ಹಿಡಿಯಿರಿ. ಬೆಳಿಗ್ಗೆ ಒಂದೊಂದು ನಟ್ಟನ್ನೂ ಅರ್ಧ ಸುತ್ತು ಮಾತ್ರ ಸಡಿಲಿಸುತ್ತಾ ಸುತ್ತು ಬನ್ನಿ. ಒಂದನ್ನೇ ಪೂರ್ತಿ ಬಿಚ್ಚಿ ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಬಿಗಿಯೆಲ್ಲ ಉಳಿದ ಕೊಕ್ಕೆಗಳ ಮೇಲೆ ಬಿದ್ದು ಮೇಲ್ಬಳೆ ಸೊಟ್ಟಗಾಗುತ್ತದೆ.

ಎಚ್ಚರ: ತುಕ್ಕು ತಿಂದ ಕೊಕ್ಕೆ ಬಿಗಿಯಲ್ಲಿರುವಾಗ ಮುರಿದರೆ ಬಾಣದ ಹಾಗೆ ಹಾರುತ್ತದೆ. ಮುಖವನ್ನು ಕಾಂಗಾದ ಮೇಲೆ ಬಗ್ಗಿಸಿಕೊಂಡು ಕೆಲಸ ಮಾಡಬೇಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

3. ಒಡಲು, ಅಂಚು, ಕಬ್ಬಿಣ

ಒಡಲನ್ನು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ. ನೀರು ಸುರಿದು ತೊಳೆದರೆ ಹಲಗೆಗಳ ಅಂಟು ಇನ್ನಷ್ಟು ಬಿಡುತ್ತದೆ.

ಬೆಳಕು ಕಂಡ ಸಂದುಗಳಿಗೆ ಫೆವಿಕಾಲ್ ಇಳಿಸಿ. ಹಳೆ ಎಕ್ಸ್‌ರೇ ಹಾಳೆಯ ತುಂಡಿನಿಂದ ಒಳಕ್ಕೆ ತಳ್ಳಿದರೆ ಚೆನ್ನಾಗಿ ಹೋಗುತ್ತದೆ. ರ‍್ಯಾಚೆಟ್ ಬೆಲ್ಟನ್ನು ಒಡಲಿನ ಸುತ್ತ ಬಿಗಿದು ಪೂರ್ತಿ ಒಂದು ದಿನ ಬಿಡಿ. ಹೊರಗೆ ಉಕ್ಕಿದ ಅಂಟನ್ನು ಆಗಿಂದಾಗಲೇ ಒರೆಸಬೇಕು. ಬೆಲ್ಟು ಇಲ್ಲದಿದ್ದರೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿದರೂ ಆಗುತ್ತದೆ, ಗಾಡಿಗೆ ಹುಲ್ಲು ಬಿಗಿದ ಹಾಗೆ. ಬೆರಳು ತೂರುವಷ್ಟು ಬಿರುಕಿದ್ದರೆ ಬಡಗಿಯ ಹತ್ತಿರ ಹೋಗಿ. ಒಳಗೆ ಎಂಸೀಲ್ ಮೆತ್ತಿ ಮುಚ್ಚುವವರನ್ನು ನೋಡಿದ್ದೇನೆ. ಬಿರುಕು ಮುಚ್ಚುತ್ತದೆ, ಆದರೆ ಮುಂದೆ ಯಾರೂ ಅದನ್ನು ಸರಿಯಾಗಿ ಅಂಟಿಸೋಕೆ ಆಗೋದಿಲ್ಲ.

ಈಗ ಬಾಯಿಯ ಅಂಚು. ಚರ್ಮ ಮರವನ್ನು ಮುಟ್ಟುವುದು ಈ ಗೆರೆಯಲ್ಲಿ ಮಾತ್ರ. ವಾದ್ಯದ ಅರ್ಧ ದನಿ ಇಲ್ಲೇ ಇದೆ ಅನ್ನೋದು ನನ್ನ ಅನುಭವ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಒಡಲನ್ನು ಬೋರಲು ನಿಲ್ಲಿಸಿ. ಒಳಗೆ ಟಾರ್ಚ್ ಇಡಿ. ಅಂಚಿನ ಕೆಳಗೆ ಬೆಳಕು ಇಣುಕಿದ ಕಡೆ ತಗ್ಗು ಇದೆ. ಸಣ್ಣದಿದ್ದರೆ, ಕಟ್ಟೆಯ ಮೇಲೆ ಸ್ಯಾಂಡ್ ಪೇಪರ್ ಹರಡಿ, ಒಡಲನ್ನು ಅದರ ಮೇಲೆ ಬೀಸುಕಲ್ಲಿನ ಹಾಗೆ ಮೆಲ್ಲಗೆ ತಿರುಗಿಸಿ. ಮಟ್ಟವಾದ ಮೇಲೆ ಹೊರಮೂಲೆಯನ್ನು ಕೈಯಲ್ಲೇ ಉಜ್ಜಿ ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ಅದು ಚರ್ಮವನ್ನು ಕುಯ್ಯುತ್ತದೆ. ಕೊನೆಗೆ ಮೇಣದ ಬತ್ತಿಯನ್ನು ಅಂಚಿನ ಸುತ್ತ ಉಜ್ಜಿ. ಬಿಗಿ ಮಾಡುವಾಗ ಚರ್ಮ ಅಂಟದೆ ಜಾರುತ್ತದೆ.

ಕಬ್ಬಿಣದ ತುಕ್ಕಿಗೆ ತಂತಿ ಬ್ರಷ್ ಮತ್ತು ಸೀಮೆಎಣ್ಣೆ. ಕೊಕ್ಕೆಯ ಥ್ರೆಡ್ಡಿಗೆ ತೆಳುವಾಗಿ ಗ್ರೀಸ್. ಮುರಿದ ಕೊಕ್ಕೆಯ ಬದಲು ಹೊಸದು ಬೇಕಾದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಉಳಿದ ಒಂದು ಕೊಕ್ಕೆ ಮತ್ತು ನಟ್ ಎರಡನ್ನೂ ಕೊಡಿ. 5/16 ಇಂಚು ಅಂದರೆ 7.94 ಮಿಲಿಮೀಟರ್. 8 ಮಿಲಿಮೀಟರ್ ಬೋಲ್ಟ್ ನೋಡೋಕೆ ಥೇಟ್ ಅದೇ, ಆದರೆ ಥ್ರೆಡ್ ಬೇರೆ. ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹಳೆಯದರಷ್ಟೇ ದಪ್ಪದ ಉಕ್ಕು ಇರಲಿ. ಕಿಟಕಿಗೆ ಹಾಕುವ ಸಣ್ಣ ಸರಳಿನಲ್ಲಿ ಮಾಡಿಸಿದರೆ ಬಾಗಿ ನೇರವಾಗಿ ಕೈಗೆ ಬರುತ್ತದೆ.

ಒಡಲಿನ ಒಳಗೆ ಕಿವಿಯ ಹಿಂದಿರುವ ಪಟ್ಟಿ, ವಾಷರ್, ಹಿಡಿಕೆಯ ಬೋಲ್ಟು, ಎಲ್ಲವನ್ನೂ ಈಗಲೇ ಬಿಗಿಯಿರಿ. "ಹೊಡೆದರೆ ಜುಯ್ ಅನ್ನುತ್ತೆ" ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ.

4. ಚರ್ಮ: ಹಳೆಯದೇ ಸಾಕಾ, ಹೊಸದಾ?

ಚರ್ಮ ಹರಿಯದೆ, ಬಿರಿಯದೆ, ಅಂಚಿನಲ್ಲಿ ತೆಳುವಾಗದೆ ಇದ್ದರೆ ಹಳೆಯದನ್ನೇ ಇಟ್ಟುಕೊಳ್ಳಿ. ಕೊಳೆ ಕಂಡು ಬದಲಿಸಬೇಡಿ. ವರ್ಷಗಟ್ಟಲೆ ಕೈ ಬಿದ್ದ ಚರ್ಮದ ದನಿ ಹೊಸದಕ್ಕೆ ಬೇಗ ಬರುವುದಿಲ್ಲ.

ಹೊಸದಕ್ಕೆ ಮೂರು ದಾರಿ. ಒಳಬಳೆಯ ಸಮೇತ ಸಿದ್ಧವಾಗಿ ಬರುವ ಚರ್ಮ ಸುಲಭ. ಬೆಂಗಳೂರಿನ ದೊಡ್ಡ ವಾದ್ಯದ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ಕಾಂಗಾದ ಹೆಸರು ಹೇಳಿದರೆ ಸಾಲದು, ಒಡಲಿನ ಬಾಯಿಯ ಅಳತೆ, ಹಳೆ ಒಳಬಳೆಯ ಹೊರ ಅಳತೆ ಎರಡನ್ನೂ ಮಿಲಿಮೀಟರಿನಲ್ಲಿ ಕೊಡಿ. ಎರಡನೆಯದು ಪ್ಲಾಸ್ಟಿಕ್ ಹಾಳೆ. ಮಳೆಗೆ ಜಗ್ಗುವುದಿಲ್ಲ, ದನಿ ಸ್ವಲ್ಪ ಚುರುಕು, ಬೆಲೆ ಜಾಸ್ತಿ. ನನಗೆ ಚರ್ಮವೇ ಇಷ್ಟ. ಆದರೆ ಆಗುಂಬೆ, ಶೃಂಗೇರಿ ಕಡೆಯವರು ಪ್ಲಾಸ್ಟಿಕ್ ಹಾಕಿಸಿಕೊಂಡರೆ ನಾನು ವಾದ ಮಾಡುವುದಿಲ್ಲ.

ಮೂರನೆಯದು ಹಸಿ ಚರ್ಮ. ಅಂದರೆ ಹದ ಮಾಡದೆ, ಕೂದಲು ತೆಗೆದು ಒಣಗಿಸಿದ್ದು. ಚಪ್ಪಲಿಗೆ ಬಳಸುವ ಹದ ಮಾಡಿದ ಚರ್ಮ ನುಡಿಯುವುದೇ ಇಲ್ಲ. ತಮಟೆ, ಚಂಡೆಗೆ ಚರ್ಮ ಕಟ್ಟುವವರನ್ನು ಕೇಳಿದರೆ ಎಮ್ಮೆ ಚರ್ಮ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ದಪ್ಪ 2ರಿಂದ 3 ಮಿಲಿಮೀಟರ್ ಇರಲಿ, ಜೋಡಿಗೆ ಒಂದೇ ದಪ್ಪದ್ದು ಹುಡುಕಿ. ಬಾಯಿಯ ಅಗಲಕ್ಕಿಂತ 6 ಇಂಚಾದರೂ ಜಾಸ್ತಿ ಅಗಲದ ದುಂಡು ಬೇಕು. ಡೋಲಕ್ಕಿಗೆ ಹಾಕುವ ಮೇಕೆ ಚರ್ಮ ಇಲ್ಲಿಗೆ ತೆಳು. ಬೆಳಕಿಗೆ ಹಿಡಿದು ಗಾಯದ ಕಲೆ, ಚಾಕು ತಾಗಿದ ಗೀರು ಇದೆಯಾ ನೋಡಿ. ಗೀರು ಇದ್ದ ಕಡೆಯಿಂದಲೇ ಹರಿಯುತ್ತದೆ.

5. ನೆನೆಸಿ ಕೂರಿಸುವುದು

ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಿ ಮೇಲೆ ಗುಂಡುಕಲ್ಲು ಇಡಿ. ದಪ್ಪ ಚರ್ಮಕ್ಕೆ 12 ಗಂಟೆಯಾದರೂ ಬೇಕು, ಕೆಲವಕ್ಕೆ ಪೂರ್ತಿ ಒಂದು ದಿನ. ಒದ್ದೆ ಗೋಣಿಚೀಲದಷ್ಟು ಮೆತ್ತಗೆ ಮಡಚಿದರೆ ಆಯಿತು. ಬೇಗ ಆಗಲಿ ಅಂತ ಬಿಸಿ ನೀರು ಹಾಕಬೇಡಿ. ಚರ್ಮ ಮುದುಡಿ ಅಂಟಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಇನ್ನು ಕೂರಿಸುವ ಕ್ರಮ. ಜೊತೆಗೊಬ್ಬರು ಇರಲಿ, ಎರಡು ಕೈ ಸಾಲುವುದಿಲ್ಲ.

ಕೂದಲಿದ್ದ ನಯವಾದ ಮೈ ಮೇಲೆ ಬರುವ ಹಾಗೆ ಚರ್ಮವನ್ನು ಬಾಯಿಯ ಮೇಲೆ ಹಾಸಿ. ಅದರ ಮೇಲಿಂದ ಒಳಬಳೆಯನ್ನು ಇಳಿಸಿ, ಅದು ಒಡಲಿನ ಹೊರಗೆ ಸಡಿಲವಾಗಿ ಕೂರಬೇಕು. ಹೊರಗೆ ಉಳಿದ ಚರ್ಮವನ್ನು ಒಳಬಳೆಯ ಕೆಳಗಿನಿಂದ ಸುತ್ತಿ ಮೇಲಕ್ಕೆ ತನ್ನಿ. ಈಗ ಮೇಲ್ಬಳೆಯನ್ನು ಒಳಬಳೆಯ ಮೇಲೆ ಕೂರಿಸಿ. ಚರ್ಮದ ಅಂಚು ಮೇಲ್ಬಳೆಯ ಒಳಗಿನಿಂದ ಮೇಲಕ್ಕೆ ಚಾಚಿಕೊಂಡಿರಬೇಕು. ಕೊಕ್ಕೆ ಹಾಕಿ, ನಟ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ. ಚಾಚಿದ ಅಂಚನ್ನು ಸುತ್ತಲೂ ಸಮನಾಗಿ ಮೇಲಕ್ಕೆ ಎಳೆದು ಸುಕ್ಕು ತೆಗೆಯಿರಿ. ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು, ಮತ್ತೆ ಅಂಚು ಎಳೆಯುವುದು, ಮತ್ತೆ ಕಾಲು ಸುತ್ತು.

ಎಲ್ಲಿ ನಿಲ್ಲಿಸಬೇಕು? ಮೇಲ್ಬಳೆ ಬಾಯಿಯ ಅಂಚಿಗಿಂತ ಸುಮಾರು ಅರ್ಧ ಇಂಚು ಕೆಳಗೆ ಬಂದಾಗ. ಅದಕ್ಕಿಂತ ಮೇಲಿದ್ದರೆ ನುಡಿಸುವಾಗ ಬೆರಳಿನ ಮೂಳೆ ಕಬ್ಬಿಣಕ್ಕೆ ಬಡಿಯುತ್ತದೆ. ತೀರಾ ಕೆಳಕ್ಕೆ ಎಳೆದುಬಿಟ್ಟರೆ ಒಣಗಿದ ಮೇಲೆ ಶ್ರುತಿ ಏರಿಸೋಕೆ ಜಾಗವೇ ಉಳಿಯುವುದಿಲ್ಲ. ಒದ್ದೆ ಚರ್ಮ ಒಣಗುತ್ತಾ ತಾನೇ ಬಿಗಿಯಾಗುತ್ತದೆ. ಈಗಲೇ ಟಣ್ ಅನ್ನಬೇಕು ಅಂತ ಹಟ ಹಿಡಿದವರ ಚರ್ಮ ಮೂರನೇ ದಿನ ಹರಿದಿರುತ್ತದೆ.

ನೆರಳಿನಲ್ಲಿ, ಗಾಳಿಯಾಡುವ ಕಡೆ ಮೂರು ನಾಲ್ಕು ದಿನ. ಜುಲೈ ತಿಂಗಳಾದರೆ ವಾರ, ಫ್ಯಾನ್ ಸಣ್ಣಗೆ ಹಾಕಿ. ಒಲೆಯ ಪಕ್ಕ ಬೇಡ, ತಾರಸಿ ಬೇಡ. ಕಾಫಿ ಒಣಗಿಸುವ ಕಣ ಖಾಲಿ ಇದೆ ಅಂತ ಅಲ್ಲಿಗೆ ಒಯ್ಯುವ ಆಸೆಯೂ ಬೇಡ. ಬಿಸಿಲಿಗೆ ಒಂದು ಕಡೆ ಮೊದಲು ಒಣಗಿ ಚರ್ಮ ಸೊಟ್ಟ ಎಳೆಯುತ್ತದೆ. ಇನ್ನೊಂದು, ನಾಯಿ. ನಗಬೇಡಿ. ಹಸಿ ಚರ್ಮದ ವಾಸನೆಗೆ ನಾಯಿ ಬಂದೇ ಬರುತ್ತದೆ, ಅಗಿದೇ ಅಗಿಯುತ್ತದೆ. ಬಾಗಿಲು ಹಾಕಿಡಿ.

ಪೂರ್ತಿ ಒಣಗಿದ ಮೇಲೆ ಚಾಚಿದ ಅಂಚನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಒದ್ದೆಯಿದ್ದಾಗ ಕತ್ತರಿಸಿದರೆ ಜಾರಿ ಒಳಗೆ ಹೋಗುತ್ತದೆ.

6. ಶ್ರುತಿ

ನಾಲ್ಕು ಅಥವಾ ಆರು ಕೊಕ್ಕೆ ಇದ್ದರೆ ಎದುರು ಬದುರು ಬಿಗಿಯಿರಿ. ಐದಿದ್ದರೆ ಒಂದು ಬಿಟ್ಟು ಒಂದು, ಅಂದರೆ 1, 3, 5, 2, 4. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮೇಲ್ಬಳೆಯಿಂದ ಬಾಯಿಯ ಅಂಚಿಗೆ ಇರುವ ಅಂತರವನ್ನು ಪ್ರತಿ ಕೊಕ್ಕೆಯ ಹತ್ತಿರ ಸ್ಕೇಲಿನಲ್ಲಿ ನೋಡುತ್ತಿರಿ. ಆಮೇಲೆ, ಅಂಚಿನಿಂದ ಎರಡು ಇಂಚು ಒಳಗೆ, ಪ್ರತಿ ಕೊಕ್ಕೆಯ ಎದುರು ಬೆರಳಿನಿಂದ ತಟ್ಟಿ ಕೇಳಿ. ಮೃದಂಗದವರು ಕಲ್ಲಿನಲ್ಲಿ ತಟ್ಟಿ ಸುತ್ತಲೂ ಒಂದೇ ಶ್ರುತಿಗೆ ತರುತ್ತಾರಲ್ಲ, ಅದೇ ಕೆಲಸ, ಕೈಯಲ್ಲಿ ಕಲ್ಲಿನ ಬದಲು ಸ್ಪ್ಯಾನರ್. ಒಂದು ಕಡೆ ಇಳಿದಿದ್ದರೆ ಅದೊಂದನ್ನೇ ಸ್ವಲ್ಪ ಏರಿಸಿ.

ಯಾವ ಶ್ರುತಿ? ಹಾರ್ಮೋನಿಯಮ್ಮಿನ ಬಿಳಿ ಒಂದು, ಅಂದರೆ ಸುಮಾರು 262 ಹರ್ಟ್ಜ್, ನಡುವಿನ ಕಾಂಗಾಕ್ಕೆ ಷಡ್ಜ ಅಂತ ಇಟ್ಟುಕೊಳ್ಳಿ. ದೊಡ್ಡದಾದ ತುಂಬಾ ಕೆಳಗಿನ ಪಂಚಮಕ್ಕೆ, 196 ಹರ್ಟ್ಜ್. ಕ್ವಿಂಟೊ ಇದ್ದರೆ ಮೇಲಿನ ಗಾಂಧಾರಕ್ಕೆ, 330. ಇದು ಹೆಚ್ಚು ಜನ ಇಟ್ಟುಕೊಳ್ಳುವ ಶ್ರುತಿ, ಕಾನೂನಲ್ಲ. ಹಳೆಯ ಕೊಕ್ಕೆಗಳು ಅಷ್ಟು ಬಿಗಿ ತಡೆಯುವುದಿಲ್ಲ ಅನಿಸಿದರೆ ಹಾರ್ಮೋನಿಯಮ್ಮಿನ ಒಂದೆರಡು ಮನೆ ಕೆಳಗೆ ನಿಲ್ಲಿಸಿ, ಸ–ಪ ಅಂತರ ಮಾತ್ರ ಕಾಪಾಡಿ. ಫೋನಿನ ಟ್ಯೂನರ್ ಆ್ಯಪ್ ಸಾಕು. ಹೊಸ ಚರ್ಮವನ್ನು ಒಂದೇ ದಿನ ಮೇಲಕ್ಕೆ ಒಯ್ಯಬೇಡಿ. ದಿನಕ್ಕೆ ಅರ್ಧ ಸುತ್ತಿನ ಹಾಗೆ ಒಂದು ವಾರದಲ್ಲಿ ಏರಿಸಿ.

ನುಡಿಸಿ ಮುಗಿದ ಮೇಲೆ ಪ್ರತಿ ನಟ್ಟನ್ನೂ ಒಂದು ಸುತ್ತು ಸಡಿಲಿಸಿ. ಬೇಜಾರಿನ ಕೆಲಸ, ನಿಜ. ಆದರೆ ನಾನು ನೋಡಿದ ಹರಿದ ಚರ್ಮಗಳಲ್ಲಿ ಹೆಚ್ಚಿನವು ನುಡಿಸುವಾಗ ಹರಿದವಲ್ಲ. ಬಿಗಿಯಲ್ಲೇ ಬಿಟ್ಟು ಮಲಗಿದ ರಾತ್ರಿ ಹರಿದವು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋದರಂತೂ ಕೇಳಲೇಬೇಡಿ.

7. ಕೂರುವ ರೀತಿ

ತೊಡೆ ನೆಲಕ್ಕೆ ಸಮನಾಗಿರುವಷ್ಟು ಎತ್ತರದ ಕುರ್ಚಿ, ಕೈ ಇಲ್ಲದ್ದು. ಕಾಂಗಾವನ್ನು ಮೊಣಕಾಲುಗಳ ನಡುವೆ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿಸಿ. ತಳ ಒಂದು ಕಡೆ ನೆಲದಿಂದ ಎದ್ದಿರಬೇಕು. ಗಾಳಿ ಹೊರಗೆ ಹೋಗದಿದ್ದರೆ ಕೆಳದನಿ ಸತ್ತುಹೋಗುತ್ತದೆ. ಬಲಗೈಯವರಿಗೆ ದೊಡ್ಡದು ಬಲಕ್ಕೆ. ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತದೆ, ತಳದ ಸುತ್ತ ಹಳೆ ಸೈಕಲ್ ಟ್ಯೂಬ್ ಎಳೆದು ಕೂರಿಸಿ. ಉಂಗುರ, ವಾಚು ತೆಗೆದಿಡಿ.

8. ನಾಲ್ಕು ಹೊಡೆತ

ಬೇಸ್: ಅಂಗೈ ಪೂರ್ತಿ ಚರ್ಮದ ನಡುವೆ ಬೀಳಬೇಕು, ಬಿದ್ದ ಕೂಡಲೇ ಮೇಲೇಳಬೇಕು. ಗುಂ ಅನ್ನುತ್ತದೆ.

ಓಪನ್: ಬೆರಳುಗಳನ್ನು ಕೂಡಿಸಿ, ಹೆಬ್ಬೆರಳನ್ನು ಹೊರಗಿಟ್ಟು, ಬೆರಳು ಅಂಗೈಗೆ ಸೇರುವ ಗೆಣ್ಣಿನ ಸಾಲು ಅಂಚಿನ ಮೇಲೆ ಬರುವ ಹಾಗೆ ಹೊಡೆಯಿರಿ. ಬಿಸಿ ಹೆಂಚಿಗೆ ತಾಗಿದ ಹಾಗೆ ಕೈ ವಾಪಸ್ ಬರಬೇಕು. ದುಂಡಗಿನ, ಉದ್ದ ದನಿ. ಶ್ರುತಿ ಕೇಳುವುದು ಇದರಲ್ಲೇ.

ಅಂಗೈಬುಡ–ಬೆರಳು: ಒಂದೇ ಕೈ ತೂಗುಯ್ಯಾಲೆಯ ಹಾಗೆ. ಮೊದಲು ಅಂಗೈಯ ಬುಡ ಚರ್ಮಕ್ಕೆ, ಆಮೇಲೆ ಬೆರಳ ತುದಿಗಳು. ಸಣ್ಣ ದನಿ. ಇದು ತಾಳ ಹಿಡಿಯೋಕೆ, ಕೇಳಿಸೋಕಲ್ಲ.

ಸ್ಲ್ಯಾಪ್: ಎಲ್ಲರಿಗೂ ಇದೇ ಮೊದಲು ಬೇಕು, ಇದೇ ಕೊನೆಗೆ ಬರುವುದು. ಕೈಯನ್ನು ಸ್ವಲ್ಪ ಬಟ್ಟಲಿನ ಹಾಗೆ ಮಾಡಿ. ಅಂಗೈಯ ಅಂಚು ಬಾಯಿಯ ಅಂಚಿಗೆ ತಾಗಿದ ಕ್ಷಣ ಬೆರಳ ತುದಿಗಳು ಚಾಟಿಯ ಹಾಗೆ ಚರ್ಮಕ್ಕೆ ಬೀಳಬೇಕು. ಚಟ್ ಅನ್ನುವ ಒಣ ಶಬ್ದ ಬರುತ್ತದೆ. ಬಲ ಹಾಕಿದಷ್ಟೂ ಬರುವುದಿಲ್ಲ. ಮಣಿಕಟ್ಟು ಸಡಿಲ ಬಿಟ್ಟರೆ ಒಂದು ದಿನ ಇದ್ದಕ್ಕಿದ್ದ ಹಾಗೆ ಬರುತ್ತದೆ. ಎರಡು ತಿಂಗಳು ಬರದಿದ್ದರೆ ಗಾಬರಿ ಬೇಡ, ನನಗೆ ಐದು ತಿಂಗಳು ಹಿಡಿಯಿತು.

ತಬಲಾ ಕಲಿತವರು ಒಂದೊಂದೇ ಬೆರಳು ಆಡಿಸುತ್ತಾರೆ, ಇಲ್ಲಿ ಬೆರಳುಗಳೆಲ್ಲ ಒಟ್ಟಿಗೇ ಹೋಗಬೇಕು. ಚಂಡೆ ಕಡೆಯಿಂದ ಬಂದವರು ಭುಜದಿಂದ ಹೊಡೆಯುತ್ತಾರೆ, ಕೈ ಊದಿಕೊಳ್ಳುತ್ತದೆ. ನೋವಾದರೆ ನಿಲ್ಲಿಸಿ. ತಮಾಷೆಯಲ್ಲ, ಗಂಟೆಗಟ್ಟಲೆ ಜೋರಾಗಿ ಬಾರಿಸಿದ ಕಾಂಗಾ ವಾದಕರಲ್ಲಿ ಅಂಗೈಯಲ್ಲಿ ರಕ್ತಕಣ ಒಡೆದು ಮೂತ್ರ ಕಂದುಕೆಂಪಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಹಾಗೆ ಕಂಡರೆ ವೈದ್ಯರ ಹತ್ತಿರ ಹೋಗಿ.

9. ಮೊದಲ ನಡೆ: ತುಂಬಾವೊ

ಕ್ಯೂಬಾದ ನೃತ್ಯ ಸಂಗೀತಕ್ಕೆ ಕಾಂಗಾ ಹಿಡಿಯುವ ಮೂಲ ನಡೆಗೆ ತುಂಬಾವೊ ಅನ್ನುತ್ತಾರೆ. ಎಂಟು ಅಕ್ಷರ. ನಮಗೆ ತಕಧಿಮಿ ತಕಜಣು ಇದ್ದೇ ಇದೆಯಲ್ಲ, ಅದರ ಮೇಲೆ ಕೂರಿಸಿದರೆ ಒನ್ ಟೂ ತ್ರೀ ಎಣಿಸುವ ಕಷ್ಟವೇ ಇಲ್ಲ. ಒಂದೇ ಡ್ರಮ್ಮಿನ ಮೇಲೆ, ಬಲಗೈಯವರಿಗೆ:

ತ: ಎಡಗೈ, ಅಂಗೈಬುಡ
ಕ: ಎಡಗೈ, ಬೆರಳು
ಧಿ: ಬಲಗೈ, ಸ್ಲ್ಯಾಪ್
ಮಿ: ಎಡಗೈ, ಬೆರಳು
ತ: ಎಡಗೈ, ಅಂಗೈಬುಡ
ಕ: ಎಡಗೈ, ಬೆರಳು
ಜ: ಬಲಗೈ, ಓಪನ್
ಣು: ಬಲಗೈ, ಓಪನ್

ಎಡಗೈ ಗಡಿಯಾರದ ಹಾಗೆ ನಡೆಯುತ್ತಿರುತ್ತದೆ, ಬಲಗೈ ಮಾತಾಡುತ್ತದೆ. ಕೇಳುವವರಿಗೆ ಮುಟ್ಟುವುದು ಮೂರೇ: ಧಿ, ಜ, ಣು. ಉಳಿದದ್ದು ಉಸಿರು. ಎಡಗೈಯನ್ನೂ ಜೋರು ಮಾಡಿದರೆ ನಡೆ ಕೆಟ್ಟು ಗಲಾಟೆಯಾಗುತ್ತದೆ. ಮೊದಲ ವಾರ ಎಡಗೈ ಒಂದನ್ನೇ ಆಡಿಸಿ, ಬಾಯಲ್ಲಿ ಅಕ್ಷರ ಹೇಳುತ್ತಾ. ಎರಡನೇ ವಾರ ಬಲಗೈ ಸೇರಿಸಿ. ಸ್ಲ್ಯಾಪ್ ಇನ್ನೂ ಬಂದಿಲ್ಲವಾದರೆ ಅಲ್ಲಿ ಸುಮ್ಮನೆ ಕೈ ಒತ್ತಿಡಿ. ದಿನಕ್ಕೆ ಹದಿನೈದು ನಿಮಿಷ ಸಾಕು, ನಿಧಾನ ಕಾಲದಲ್ಲಿ. ವೇಗ ಬೇಕಾದಾಗ ತಾನೇ ಬರುತ್ತದೆ.

ಎರಡೂ ಕೈ ಹೊಂದಿದ ಮೇಲೆ ದೊಡ್ಡದನ್ನು ಸೇರಿಸಿ. ಒಂದು ಸುತ್ತಿನ 'ಜಣು' ಕಾಂಗಾದಲ್ಲಿ, ಮುಂದಿನ ಸುತ್ತಿನದು ತುಂಬಾದಲ್ಲಿ. ಕ್ಯೂಬಾದವರ ಜೋಡಿ ನಡೆ ಇದಕ್ಕಿಂತ ಹೆಣೆದುಕೊಂಡದ್ದು, ಆದರೆ ಕೈ ಆಚೀಚೆ ಹೋಗಿ ಬರುವ ಅಭ್ಯಾಸಕ್ಕೆ ಇದು ಒಳ್ಳೆಯದು.

ಜೊತೆಗೊಬ್ಬರಿದ್ದರೆ ಅವರ ಕೈಗೆ ಎರಡು ಗಟ್ಟಿ ಕೋಲು ಕೊಡಿ. ಕ್ಯೂಬಾದಲ್ಲಿ ಆ ಕೋಲಿಗೂ ಅದರ ನಡೆಗೂ ಕ್ಲಾವೆ ಅಂತಲೇ ಹೆಸರು. ಎರಡು ಸುತ್ತಿನ ಹದಿನಾರು ಅಕ್ಷರದಲ್ಲಿ ಐದೇ ಪೆಟ್ಟು: 1, 4, 7, 11, 13. ಅಕ್ಷರದಲ್ಲಿ ಹೇಳಿದರೆ ಮೊದಲ ಸುತ್ತಿನ ತ, ಮಿ, ಜ. ಎರಡನೇ ಸುತ್ತಿನ ಧಿ, ಆಮೇಲಿನ ತ. ಮೂರು ಪೆಟ್ಟು ಒಂದು ಕಡೆ, ಎರಡು ಇನ್ನೊಂದು ಕಡೆ. ಕೋಲಾಟ ಆಡಿದವರು ಬೇಗ ಹಿಡಿಯುತ್ತಾರೆ ಅನ್ನೋದನ್ನು ನಮ್ಮ ಮನೆಯ ಜಗಲಿಯಲ್ಲೇ ನೋಡಿದ್ದೇನೆ.

10. ಮಳೆಗಾಲಕ್ಕೆ

ಜೂನಿನಿಂದ ಚರ್ಮ ತೇವ ಕುಡಿದು ಜೋಲುತ್ತದೆ. ಶ್ರುತಿ ಇಳಿಯಿತು ಅಂತ ಬಿಗಿಯುತ್ತಾ ಹೋಗುತ್ತೀರಿ. ಆಮೇಲೆ ಎರಡು ದಿನ ಬಿಸಿಲು ಬರುತ್ತದೆ, ಬಿಗಿದದ್ದೆಲ್ಲ ಸೇರಿಕೊಂಡು ಚರ್ಮ ಪಟ್ ಅನ್ನುತ್ತದೆ. ಹಾಗಾಗಿ ಎಷ್ಟು ಸುತ್ತು ಏರಿಸಿದಿರಿ ಅಂತ ಒಡಲಿನ ಒಳಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿಡಿ. ಅಷ್ಟನ್ನೂ ಅದೇ ದಿನ ಇಳಿಸಿ, ಗೀಟು ಅಳಿಸಿ.

ನೆಲದ ಮೇಲೆ ನೇರವಾಗಿ ಇಡಬೇಡಿ, ಮಣೆಯ ಮೇಲಿಡಿ. ಪ್ಲಾಸ್ಟಿಕ್ ಕವರು ಬೇಡ, ಒಳಗೇ ಬೆವೆತು ಬೂಸ್ಟು ಹಿಡಿಯುತ್ತದೆ. ಹಳೆ ಕಾಟನ್ ಬೆಡ್‌ಶೀಟ್ ಹೊದಿಸಿ. ಬೂಸ್ಟು ಬಂದರೆ ಒಣ ಬಟ್ಟೆಯಲ್ಲಿ, ಅಂಗಳದಲ್ಲಿ ಒರೆಸಿ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಲೇ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಹಚ್ಚಬೇಡಿ. ಎಣ್ಣೆ ಕುಡಿದ ಚರ್ಮ ದನಿ ನುಂಗುತ್ತದೆ, ಮತ್ತೆ ಹೊರಗೆ ತೆಗೆಯೋಕೆ ಬರುವುದಿಲ್ಲ. ಅಂಗೈಯಲ್ಲಿ ಸಹಜವಾಗಿ ಇರುವ ಜಿಡ್ಡೇ ಅದಕ್ಕೆ ಸಾಕು.

ಸೆಪ್ಟೆಂಬರ್ ಕೊನೆಗೆ ಮಳೆ ಇಳಿದ ಮೇಲೆ ಒಮ್ಮೆ ಕೊಕ್ಕೆಗಳನ್ನೆಲ್ಲ ತೆಗೆದು ಒರೆಸಿ, ಹೊಸ ಗ್ರೀಸ್ ಹಚ್ಚಿ ಹಾಕಿ. ಬಿಚ್ಚುವ ಮೊದಲು ಸಂಖ್ಯೆಗಳು ಅಳಿಸಿಲ್ಲ ತಾನೇ ನೋಡಿಕೊಳ್ಳಿ.